ಸ್ಪ್ರೇ ಹೊಡೆದರೂ ಜಿರಳೆ ಮತ್ತೆ ಬರುವುದೇಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆ ಮನೆಗಳಿರಲಿ, ಬೆಂಗಳೂರಿನ ಬಾಡಿಗೆ ಮನೆಯಿರಲಿ, ಜಿರಳೆ ಕಂಡರೆ ನಾವು ಮೊದಲು ತರುವುದು ಸ್ಪ್ರೇ. ಹೊಡೆದ ರಾತ್ರಿ ಹತ್ತಿಪ್ಪತ್ತು ಸತ್ತು ಬೀಳುತ್ತವೆ. ಒಂದೆರಡು ತಿಂಗಳಲ್ಲಿ ಮತ್ತೆ ಅಷ್ಟೇ ಹಾಜರು! ಹೀಗೇಕೆ?

ಮೊದಲು ಯಾವ ಜಿರಳೆ ಎಂದು ನೋಡಿ

ಬಚ್ಚಲು, ಚರಂಡಿ, ಕಟ್ಟಿಗೆ ರಾಶಿಯ ಕಡೆಯಿಂದ ಬರುವ, ಒಂದೂವರೆ ಇಂಚು ಉದ್ದದ ಕೆಂಗಂದು ಜಿರಳೆಗೆ ಅಮೆರಿಕನ್ ಜಿರಳೆ ಎಂದು ಹೆಸರು. ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಕಟ್ಟಿಗೆಯನ್ನು ಗೋಡೆಯಿಂದ ದೂರ ಒಟ್ಟಿದರೆ ಇದರ ಕಾಟ ಕಡಿಮೆಯಾಗುತ್ತದೆ. ಇನ್ನು ಸೊಪ್ಪಿನಬೆಟ್ಟದ ದರಕಿನ ಅಡಿ ಕಾಣುವ ಕಾಡುಜಿರಳೆಗಳು ಎಲೆ ಕೊಳೆಸುವ ಕೆಲಸ ಮಾಡುತ್ತವೆ. ಅವುಗಳ ತಂಟೆಗೆ ಹೋಗಬೇಕಿಲ್ಲ.

ಅಡುಗೆಮನೆಯಲ್ಲಿ ಬೀಡುಬಿಡುವುದು ಅರ್ಧ ಇಂಚಿನ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಜರ್ಮನ್ ಜಿರಳೆ. ಹೆಸರಷ್ಟೇ ಜರ್ಮನ್. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಇದು ಹುಟ್ಟಿಕೊಂಡಿತೆಂದು 2024ರ ವಂಶವಾಹಿ ಅಧ್ಯಯನವೊಂದು ತೋರಿಸಿದೆ. ರಟ್ಟಿನ ಪೆಟ್ಟಿಗೆ, ಹಳೆಯ ಫ್ರಿಜ್, ಸಾಮಾನಿನ ಚೀಲದ ಜೊತೆ ಇದು ಮನೆ ಸೇರುತ್ತದೆ. ಹಾಗಾಗಿ 'ಗಲೀಜು ಮನೆಗೆ ಮಾತ್ರ ಜಿರಳೆ ಬರುತ್ತದೆ' ಎನ್ನುವುದು ತಪ್ಪು. ಆದರೆ ಬಂದದ್ದು ಎಷ್ಟು ಬೆಳೆಯುತ್ತದೆ ಎಂಬುದು ಅದಕ್ಕೆ ಸಿಗುವ ಅನ್ನ, ನೀರು, ಸಂದಿಗಳನ್ನು ಅವಲಂಬಿಸಿದೆ.

ಸ್ಪ್ರೇ ಸೋಲುವುದೆಲ್ಲಿ?

ನಮ್ಮ ಕಣ್ಣಿಗೆ ಬೀಳುವ ಜಿರಳೆ ಸ್ವಲ್ಪ, ಸಂದಿಯಲ್ಲಿ ಅಡಗಿರುವುದೇ ಹೆಚ್ಚು. ಹೆಣ್ಣು ಜರ್ಮನ್ ಜಿರಳೆ 30–40 ಮೊಟ್ಟೆಗಳ ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಮೈಗೆ ಅಂಟಿಸಿಕೊಂಡೇ ಇರುತ್ತದೆ. ಸ್ಪ್ರೇ ಆ ಸಂದಿಗೆ ಸರಿಯಾಗಿ ತಲುಪುವುದಿಲ್ಲ, ಮೊಟ್ಟೆಚೀಲದೊಳಗೂ ಇಳಿಯುವುದಿಲ್ಲ. ಉಳಿದವು ಪಕ್ಕದ ಕೋಣೆಗೆ ಚದುರುತ್ತವೆ. ಸಾಮಾನ್ಯ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ವಿಷವನ್ನು ತಾಳಿಕೊಳ್ಳುವ ಜಿರಳೆಗಳು ಹಲವು ದೇಶಗಳಲ್ಲಿ ಕಂಡುಬಂದಿವೆ.

ಇದು ಬರೀ ಅಸಹ್ಯದ ಪ್ರಶ್ನೆಯೇ?

ಅಲ್ಲ. ಜಿರಳೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆ ಧೂಳಿನಲ್ಲಿ ಬೆರೆತು ಅಲರ್ಜಿ ತರುತ್ತವೆ. ಅಮೆರಿಕದಲ್ಲಿ ಅಸ್ತಮಾ ಇದ್ದ 476 ಮಕ್ಕಳ ಮೇಲೆ ನಡೆದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಜಿರಳೆ ಅಲರ್ಜಿ ಇದ್ದು, ಮಲಗುವ ಕೋಣೆಯಲ್ಲಿ ಆ ಧೂಳು ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು.

ಹಾಗಾದರೆ ಏನು ಮಾಡಬೇಕು?

1. ರಾತ್ರಿ ಎಂಜಲು ಪಾತ್ರೆ ಬಿಡಬೇಡಿ. ಸಿಂಕ್ ಒರೆಸಿ, ಸೋರುವ ನಲ್ಲಿ ಸರಿಮಾಡಿಸಿ, ಗೋಡೆಯ ಬಿರುಕು ಮುಚ್ಚಿ. ಖಾಲಿ ರಟ್ಟಿನ ಪೆಟ್ಟಿಗೆ ಕೂಡಿಡಬೇಡಿ.

2. ಜಿರಳೆ ಜೆಲ್ ಬಳಸಿ. ಸಣ್ಣ ಸಣ್ಣ ಹನಿಗಳನ್ನು ಕಪಾಟಿನ ತಿರುಗಣಿ, ಫ್ರಿಜ್ಜಿನ ಹಿಂಭಾಗ, ಸಿಂಕ್ ಕೆಳಗಿನ ಪೈಪಿನ ಸುತ್ತ ಇಡಿ. ತಿಂದ ಜಿರಳೆ ಸಂದಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟಲ್ಲಿ ಸ್ಪ್ರೇ ಹೊಡೆಯಬೇಡಿ, ಜಿರಳೆ ಜೆಲ್ ಮುಟ್ಟುವುದಿಲ್ಲ.

3. ಜೆಲ್ ಇಟ್ಟರೂ ತಿನ್ನದಿದ್ದರೆ ಬೇರೆ ಜೆಲ್ ತನ್ನಿ. ಗ್ಲೂಕೋಸ್ ಬೆರೆಸಿದ ವಿಷ ತಿಂದು ಸಾಯುತ್ತಿದ್ದ ಜಿರಳೆಗಳ ಕೆಲವು ಪೀಳಿಗೆಗಳಿಗೆ ಗ್ಲೂಕೋಸೇ ಕಹಿಯಾಗಿ ಹೋಗಿದೆ ಎಂದು ವಿಜ್ಞಾನಿಗಳು 2013ರಲ್ಲಿ ತೋರಿಸಿದರು.

4. ಬೋರಿಕ್ ಪೌಡರ್, ಸಕ್ಕರೆ, ಹಿಟ್ಟಿನ ಉಂಡೆಯೂ ನಿಧಾನವಾಗಿ ಕೆಲಸ ಮಾಡುತ್ತದೆ. ಆದರೆ ಮಕ್ಕಳು ತಿಂಡಿ ಎಂದುಕೊಂಡಾರು. ಗೆರೆ ಎಳೆಯುವ ಜಿರಳೆ ಚಾಕ್‌ನಲ್ಲೂ ವಿಷವಿದೆ, ಅದು ಶಾಲೆಯ ಸೀಮೆಸುಣ್ಣದಂತೆಯೇ ಕಾಣುತ್ತದೆ. ಎರಡೂ ಮಕ್ಕಳ ಕೈಗೆ ಸಿಗಬಾರದು.

5. ಅಂಟುಹಲಗೆ ಇಟ್ಟು ವಾರಕ್ಕೊಮ್ಮೆ ಎಣಿಸಿ. ಲೆಕ್ಕ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಎರಡು ಮೂರು ವಾರಕ್ಕೊಮ್ಮೆ ಜೆಲ್ ಹೊಸದಾಗಿ ಇಡುತ್ತಾ ಎರಡು ಮೂರು ತಿಂಗಳಾದರೂ ಮುಂದುವರಿಸಿ.

ಸಾಲುಮನೆ ಅಥವಾ ಅಪಾರ್ಟ್‌ಮೆಂಟಿನಲ್ಲಿದ್ದರೆ ಅಕ್ಕಪಕ್ಕದವರೂ ಒಟ್ಟಿಗೆ ಮಾಡಬೇಕು. ಪೈಪಿನ ಸಂದಿಯಲ್ಲಿ ಓಡಾಡುವ ಜಿರಳೆಗೆ ನಿಮ್ಮ ಮನೆ, ಅವರ ಮನೆ ಎಂಬ ಭೇದವಿಲ್ಲ.