ಟೀ ಶರ್ಟ್ ಮೇಲೆ ಫೇಡ್ ಕೈಕೊಡ್ತಿದೆಯಾ? ಇಂಕ್ ಬದಲಿಸೋ ಮುಂಚೆ ಚುಕ್ಕಿ ಎಲ್ಲಿ ಹೋಯ್ತು ನೋಡಿ

ದಾವಣಗೆರೆ: ನವೆಂಬರ್ 1 ಹತ್ತಿರ ಬಂದ್ರೆ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿಗಳಿಗೆ ಕನ್ನಡ ಬಾವುಟದ ಬಣ್ಣದ ಆರ್ಡರ್ ಶುರು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಒಂದಕ್ಕೊಂದು ಕರಗಿದ ಹಾಗೆ ಫೇಡ್ ಬೇಕು. ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಕಾಣುತ್ತೆ. ಶರ್ಟ್ ಮೇಲೆ ಬಂದಾಗ ಕೆಂಪು ಒಂದು ಕಡೆ ಕತ್ತರಿಸಿದ ಹಾಗೆ ನಿಂತುಬಿಡುತ್ತೆ. ಹೀಟ್ ಕೊಟ್ಟು ಕೂರಿಸಿದ ಇಂಕ್ ತೆಗೆಯೋಕೆ ಆಗಲ್ಲ. ಗಿರಾಕಿ ಬೇಡ ಅಂದ್ರೆ ಶರ್ಟಿನ ದುಡ್ಡೂ ಅಂಗಡಿಯವರ ಮೈಮೇಲೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಬೈಯೋದು ಇಂಕನ್ನು. ಆದರೆ ತಪ್ಪು ಬಹಳಷ್ಟು ಸಲ ಅದಕ್ಕೂ ಮುಂಚೆಯೇ ಆಗಿರುತ್ತೆ.

ಫೇಡ್ ಅಂದ್ರೆ ಬರೀ ಚುಕ್ಕಿ

ಸ್ಕ್ರೀನ್‌ನಿಂದ ತೆಳು ಕೆಂಪು ಬರಲ್ಲ. ಇಂಕ್ ಬಿದ್ರೆ ಬಿತ್ತು, ಇಲ್ಲಾಂದ್ರೆ ಇಲ್ಲ. ಹಳದಿ ಮೇಲೆ ಕೆಂಪಿನ ದೊಡ್ಡ ಚುಕ್ಕಿಗಳು ಕ್ರಮೇಣ ಸಣ್ಣದಾಗುತ್ತಾ ಹೋದರೆ ಕಣ್ಣಿಗೆ ನಡುವೆ ಕಿತ್ತಳೆ ಕಾಣುತ್ತೆ. ಇದೇ ಹಾಫ್‌ಟೋನ್. ಸಣ್ಣ ಚುಕ್ಕಿ ಸತ್ತರೆ ಫೇಡ್ ಅಲ್ಲೇ ಕಟ್. ಹಾಗಾಗಿ ಚುಕ್ಕಿ ಎಲ್ಲಿ ಸತ್ತಿತು ಅಂತ ಹುಡುಕಬೇಕು. ಒಂದು ಭೂತಗನ್ನಡಿ ಸಾಕು, ಮೂರು ಕಡೆ ನೋಡಬೇಕು.

1. ಫಿಲ್ಮ್: ಬೆಳಕಿಗೆ ಹಿಡಿದು ನೋಡಿ. ಚುಕ್ಕಿ ಕಡು ಕಪ್ಪಾಗಿರಬೇಕು. ಬೂದಿ ಬಣ್ಣ ಇದ್ದರೆ ಬೆಳಕು ತೂರಿ ಸ್ಕ್ರೀನ್‌ನಲ್ಲಿ ಆ ಚುಕ್ಕಿ ತೆರೆಯೋದೇ ಇಲ್ಲ. ಚುಕ್ಕಿ ಎಷ್ಟು ಸಣ್ಣದು ಅನ್ನೋದೂ ಮುಖ್ಯ. 45 ಎಲ್‌ಪಿಐ, ಅಂದ್ರೆ ಇಂಚಿಗೆ 45 ಸಾಲು ಚುಕ್ಕಿ ಇಟ್ಟರೆ 5 ಪರ್ಸೆಂಟ್ ಚುಕ್ಕಿಯ ಅಗಲ ಸುಮಾರು 0.14 ಮಿಲಿಮೀಟರ್. 65 ಇಟ್ಟರೆ 0.1ಕ್ಕೆ ಇಳಿಯುತ್ತೆ. ಅಷ್ಟು ಸಣ್ಣದನ್ನು ಹಿಡಿಯೋದು ಕಷ್ಟ.

2. ಸ್ಕ್ರೀನ್: ಫಿಲ್ಮ್‌ನಲ್ಲಿರೋ ಸಣ್ಣ ಚುಕ್ಕಿ ಸ್ಕ್ರೀನ್‌ನಲ್ಲಿ ಇಲ್ಲ ಅಂದ್ರೆ ಎಕ್ಸ್‌ಪೋಸ್ ಜಾಸ್ತಿಯಾಗಿರಬಹುದು, ಇಲ್ಲವೇ ಫಿಲ್ಮ್ ಸರಿಯಾಗಿ ಅಂಟಿಕೊಳ್ಳದೆ ಬೆಳಕು ಪಕ್ಕದಿಂದ ನುಗ್ಗಿರುತ್ತೆ. ಫಿಲ್ಮ್‌ನ ಇಂಕ್ ಇರೋ ಮುಖ ಕೋಟಿಂಗ್‌ಗೆ ತಾಗಬೇಕು. ಎಕ್ಸ್‌ಪೋಸ್ ಕಡಿಮೆಯಾದರೆ ತೊಳೆಯುವಾಗ ಚುಕ್ಕಿಗಳ ನಡುವಿನ ಕೋಟಿಂಗ್ ಕಿತ್ತುಹೋಗಿ ಗಾಢ ಭಾಗ ಒಂದೇ ಮುದ್ದೆಯಾಗುತ್ತೆ.

ಮೆಶ್ ಲೆಕ್ಕವೂ ಇಲ್ಲೇ. ಇಂಚಿನ ಮೆಶ್ ನಂಬರನ್ನು 5ರಿಂದ ಭಾಗಿಸಿದರೆ ಬರೋದು ಅಂದಾಜು ಎಲ್‌ಪಿಐ. 230 ಮೆಶ್‌ಗೆ 45 ಹೊಂದುತ್ತೆ. 90ಟಿ ಅಂತ ಬರೆದಿದ್ದರೆ ಅದು ಸೆಂಟಿಮೀಟರ್ ಲೆಕ್ಕ, ಇಂಚಿಗೆ ಸುಮಾರು 230 ಆಯ್ತು. ಫೇಡ್‌ನಲ್ಲಿ ಅಲೆ ಅಲೆ ಗೆರೆ ಬಂದ್ರೆ ಚುಕ್ಕಿಯ ಆ್ಯಂಗಲ್ 22.5 ಡಿಗ್ರಿಗೆ ತಿರುಗಿಸಿ ನೋಡಬಹುದು.

3. ಶರ್ಟ್: ಸ್ಕ್ರೀನ್‌ನಲ್ಲಿ ಚುಕ್ಕಿ ಸರಿಯಿದ್ದು ಶರ್ಟ್ ಮೇಲೆ ಮಾತ್ರ ದಪ್ಪ ಬಂದರೆ ಆಗ ಕೈಯನ್ನು ನೋಡಬೇಕು. ಸ್ಕ್ವೀಜಿ ಜೋರಾಗಿ ಒತ್ತಿದರೆ ಚುಕ್ಕಿ ಹರಡುತ್ತೆ. ರಬ್ಬರ್ ಅಂಚು ಚೂಪಾಗಿರಲಿ, ಸ್ಕ್ರೀನ್ ಬಟ್ಟೆಯಿಂದ 2-3 ಮಿಲಿಮೀಟರ್ ಮೇಲಿರಲಿ. ಮೊದಲ ನಾಲ್ಕು ಶರ್ಟ್ ಚೆನ್ನಾಗಿ ಬಂದು ಆಮೇಲೆ ಸಣ್ಣ ಚುಕ್ಕಿ ಮಾಯವಾದರೆ, ವಾಟರ್ ಬೇಸ್ ಇಂಕ್ ಮೆಶ್‌ನಲ್ಲೇ ಒಣಗಿದೆ ಅಂತ ಅರ್ಥ. ಪ್ರತಿ ಪ್ರಿಂಟ್ ಆದಮೇಲೆ ಸ್ಕ್ರೀನ್ ಮೇಲೆ ಇಂಕ್ ಎಳೆದು ಮುಚ್ಚಿಡಬೇಕು, ಫ್ಯಾನ್ ಗಾಳಿ ನೇರ ಬೀಳಬಾರದು.

ಒಂದೇ ಸಲ ಎಲ್ಲಾ ಬದಲಿಸಬೇಡಿ

ಎಕ್ಸ್‌ಪೋಸ್ ಟೈಮ್, ಇಂಕ್, ಸ್ಕ್ವೀಜಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತಾನೇ ಗೊತ್ತಾಗಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಅದೇ ತರಹದ ಹಳೇ ಬಟ್ಟೆ ಮೇಲೆ ಹೊಡೆದು ಗಿರಾಕಿಗೆ ತೋರಿಸಿ, ಒಪ್ಪಿದ ಮೇಲೆ ಹೊಸ ಶರ್ಟ್ ಬಿಚ್ಚಿ. ಅರ್ಧ ಗಂಟೆ ತಡವಾಗಬಹುದು, ಆದರೆ ಪೂರ್ತಿ ಆರ್ಡರ್ ವಾಪಸ್ ಬರೋದು ತಪ್ಪುತ್ತೆ.