ನರಗುಂದದ ಗುಡ್ಡ: ನಡೆದು ಓದಬೇಕಾದ ಚರಿತ್ರೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಹಂಪೆ, ಬಾದಾಮಿಗಳಿಗೆ ಕರೆದೊಯ್ಯುವ ನಾವು, ಮಗ್ಗುಲಲ್ಲಿಯೇ ಇರುವ ನರಗುಂದದ ಗುಡ್ಡವನ್ನು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತೇವೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ, ಸಮತಟ್ಟಾದ ಎರೆಯ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಈ ಗುಡ್ಡ ಹರದಾರಿಗಳಾಚೆಯಿಂದಲೇ ಕಣ್ಣಿಗೆ ಬೀಳುತ್ತದೆ. ಅರ್ಧ ದಿನದ ಬಿಡುವಿದ್ದರೆ ಮಾರ್ಗದರ್ಶಕರ ನೆರವಿಲ್ಲದೆಯೇ ಇದನ್ನು ಕಾಲ್ನಡಿಗೆಯಲ್ಲಿ ನೋಡಬಹುದು. ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ನಿಂತು ಏನನ್ನು ನೆನೆಯಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಡಿಗೆಗೆ ದಸರೆಯ ನಂತರದ ತಿಂಗಳುಗಳು ಯೋಗ್ಯ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಅಂಟುತ್ತದೆ. ಬೇಸಿಗೆಯಲ್ಲಿ ಕಲ್ಲು ಕಾಯ್ದು ಮೇಲೆ ನಿಲ್ಲಲಾಗದು. ಬೆಳಗಿನ ಜಾವವೇ ಹೊರಡುವುದು ಲೇಸು. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು.

ಗುಡ್ಡದ ಬುಡದ ವೆಂಕಟೇಶ್ವರ ದೇವಾಲಯದಿಂದ ನಡಿಗೆಯನ್ನು ಆರಂಭಿಸುವುದು ಉಚಿತ. ಇದು ನರಗುಂದವನ್ನಾಳಿದ ಭಾವೆ ಮನೆತನದ ಕಾಲದ ಗುಡಿ. ಇದರ ವಿಸ್ತಾರವನ್ನು ನೋಡಿದಾಗ, ಭೂಪಟದಲ್ಲಿ ಚುಕ್ಕೆಯಷ್ಟಿದ್ದ ಸಂಸ್ಥಾನವೊಂದು ತನ್ನ ಊರನ್ನು ಎಷ್ಟು ಆಸ್ಥೆಯಿಂದ ಕಟ್ಟಿತ್ತೆಂಬುದು ಮನವರಿಕೆಯಾಗುತ್ತದೆ.

ಇಲ್ಲಿಂದ ಮುಂದೆ ಏರು ದಾರಿ. ಏರುವಾಗ ಅಲ್ಲಲ್ಲಿ ನಿಂತು ಹಿಂದಿರುಗಿ ನೋಡಬೇಕು. ನಾಲ್ಕೂ ಕಡೆಗೆ ಮರೆಯಿಲ್ಲದ ಬಯಲು. ಯಾವ ದಿಕ್ಕಿನಿಂದ ದಂಡು ಬಂದರೂ ಮೇಲಿದ್ದವರಿಗೆ ಕಾಣದೆ ಇರದು. ಈ ಕಾರಣದಿಂದಲೇ ಮರಾಠರು, ಮೈಸೂರಿನವರು, ಇಂಗ್ಲಿಷರು ಎಲ್ಲರೂ ಈ ಗುಡ್ಡದ ಮೇಲೆ ಕಣ್ಣಿಟ್ಟರು. ಹೆಚ್ಚಿನ ಕಪ್ಪಕಾಣಿಕೆಯ ಪ್ರಶ್ನೆಯಲ್ಲಿ ಜಗಳ ಹುಟ್ಟಿ, ಟಿಪ್ಪೂ ಸುಲ್ತಾನನ ಸೈನ್ಯ 1785ರಲ್ಲಿ ಕೋಟೆಯನ್ನು ಹಿಡಿಯಿತು. ದೊರೆ ವೆಂಕಟರಾವ ಭಾವೆಯನ್ನು ಸೆರೆಹಿಡಿದು ದೂರದ ಕಬ್ಬಾಳದುರ್ಗಕ್ಕೆ ಕಳುಹಿಸಲಾಯಿತು. ಮರಾಠರಿಗೂ ಟಿಪ್ಪುವಿಗೂ ನಡೆದ ಯುದ್ಧ 1787ರಲ್ಲಿ ಮುಗಿದುದು ನಮ್ಮದೇ ಗಜೇಂದ್ರಗಡದ ಒಪ್ಪಂದದಿಂದ. ನರಗುಂದವನ್ನು ಬಿಟ್ಟುಕೊಡುವುದೂ ಅದರ ಕರಾರುಗಳಲ್ಲಿ ಒಂದಾಗಿತ್ತು. ನಮ್ಮ ಸೀಮೆಯ ಎರಡು ಗುಡ್ಡದ ಊರುಗಳು ಹೀಗೆ ಒಂದೇ ಚರಿತ್ರೆಯ ಎಳೆಯಲ್ಲಿ ಹೆಣೆದುಕೊಂಡಿವೆ.

ಮೇಲೆ ತಲುಪಿದವರಿಗೆ ಕಾಣುವುದು ಪಾಳುಬಿದ್ದ ಕೋಟೆ. ಬಿದ್ದ ಗೋಡೆಯ ಬಳಿ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕು. ಆ ಕಡೆಗೆ ಸುರೇಬಾನ, ಅದರಾಚೆ ಮಲಪ್ರಭೆಯ ದಂಡೆಯ ರಾಮದುರ್ಗ. 1858ರ ಘಟನೆಗಳನ್ನು ಅರಿಯಲು ಇದಕ್ಕಿಂತ ಉತ್ತಮ ಸ್ಥಳವಿಲ್ಲ. ಬಾಬಾಸಾಹೇಬನೆಂದು ಪ್ರಸಿದ್ಧನಾದ ಭಾಸ್ಕರರಾವ ಭಾವೆಗೆ ಮಕ್ಕಳಿರಲಿಲ್ಲ. ದತ್ತು ಸ್ವೀಕಾರಕ್ಕೆ ಇಂಗ್ಲಿಷರು ಅನುಮತಿ ಕೊಡಲಿಲ್ಲ. ಮೇಲಾಗಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ನಾಡಿನಲ್ಲೆಲ್ಲ ಅಸಮಾಧಾನ ಹುಟ್ಟಿಸಿತ್ತು. 1857ರಲ್ಲಿ ಹಲಗಲಿಯ ಬೇಡರು ಸಿಡಿದೆದ್ದುದೂ ಇದೇ ಕಾರಣದಿಂದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನು ಬಾಬಾಸಾಹೇಬನ ಕಡೆಯವರಿಂದ ಹತನಾದನು. ಅವನ ರುಂಡವನ್ನು ನರಗುಂದಕ್ಕೆ ತಂದು ಊರ ಅಗಸೆಗೆ ತೂಗುಹಾಕಿದರು. ಮೂರು ದಿನಗಳಲ್ಲಿ ಕರ್ನಲ್ ಮಾಲ್ಕಮನ ಪಡೆ ಊರಿನ ಮೇಲೆ ಏರಿಬಂದಿತು. ಜೂನ್ 2ರಂದು ಕೋಟೆ ಇಂಗ್ಲಿಷರ ಕೈಸೇರಿದಾಗ ಅಲ್ಲಿ ಎದುರಿಸುವವರೇ ಉಳಿದಿರಲಿಲ್ಲ. ಬಾಬಾಸಾಹೇಬನು ಸೆರೆಸಿಕ್ಕು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅವನ ತಾಯಿಯೂ ಪತ್ನಿಯೂ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ಅದೇ ದಿನಗಳಲ್ಲಿ ಬಂಡೆದ್ದಿದ್ದ ಮುಂಡರಗಿ ಭೀಮರಾಯನೂ ಕೊಪ್ಪಳದ ಕೋಟೆಯಲ್ಲಿ ಮಡಿದನು. ಹದಿನೈದು ದಿನಗಳಲ್ಲಿ ಸಂಸ್ಥಾನವೊಂದರ ಕಥೆ ಮುಗಿದುಹೋಯಿತು.

ಅನೇಕರು ಇಲ್ಲಿಗೇ ನರಗುಂದವನ್ನು ನೋಡಿ ಆಯಿತೆಂದು ಭಾವಿಸುತ್ತಾರೆ. ಹಾಗಲ್ಲ. ಇಳಿಯುವ ಮೊದಲು ಪಶ್ಚಿಮಕ್ಕೆ ತಿರುಗಬೇಕು. ಆ ದಿಕ್ಕಿನಲ್ಲಿ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿದೆ. ಅಲ್ಲಿಂದ ಹೊರಟ ಮಲಪ್ರಭೆಯ ಕಾಲುವೆಗಳು 1970ರ ದಶಕದಲ್ಲಿ ಈ ಬಯಲಿಗೆ ನೀರಿನ ಆಸೆ ತಂದವು. ನೀರಿನೊಡನೆ ನೀರಿನ ಕರವೂ, ಅಭಿವೃದ್ಧಿ ಕರವೂ ಬಂದವು. ಕಾಲುವೆಯ ತುದಿಯ ಹೊಲಗಳಿಗೆ ನೀರು ಸರಿಯಾಗಿ ತಲುಪಲಿಲ್ಲ. ಹತ್ತಿಯ ಬೆಲೆ ಕುಸಿಯಿತು. ಕರದ ಬೇಡಿಕೆ ಮಾತ್ರ ನಿಲ್ಲಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದಾಗ ಗೋಲೀಬಾರು ನಡೆಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಎಂಬ ರೈತ ಬಲಿಯಾದನು. ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಕಿಡಿ ರಾಜ್ಯದಾದ್ಯಂತ ಹಬ್ಬಿ, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘದ ಹುಟ್ಟಿಗೆ ಪ್ರೇರಣೆಯಾಯಿತು.

ಆದ್ದರಿಂದ ನಡಿಗೆಯ ಕೊನೆಯ ತಾಣ ಊರೊಳಗಿನ ವೀರಪ್ಪನ ವೀರಗಲ್ಲು. ಪ್ರತಿವರ್ಷ ಜುಲೈ 21ರಂದು ರೈತರು ಇಲ್ಲಿ ಸೇರಿ ಮಾಲೆ ಅರ್ಪಿಸುತ್ತಾರೆ. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ದೀರ್ಘಕಾಲದ ಧರಣಿ ಆರಂಭವಾದುದೂ ಇದೇ ಊರಿನಲ್ಲಿ. ವೀರಗಲ್ಲು ನೆಡುವ ಪದ್ಧತಿ ನಮ್ಮ ನಾಡಿಗೆ ಹಳೆಯದು. ತುರು ಕಾಯ್ದು ಮಡಿದವರಿಗೆ, ಊರು ಕಾಯ್ದು ಮಡಿದವರಿಗೆ ಹಿಂದಿನವರು ಕಲ್ಲು ನಿಲ್ಲಿಸಿದರು. ನೀರಿಗಾಗಿ ಮಡಿದ ಒಕ್ಕಲಿನವನಿಗೆ ನರಗುಂದದವರು ನಿಲ್ಲಿಸಿದರು.

ಮೇಲಿನ ಕೋಟೆಯನ್ನೂ ಕೆಳಗಿನ ಕಲ್ಲನ್ನೂ ಒಂದೇ ದಿನ ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಆಳುವವರು ನ್ಯಾಯವನ್ನು ಕೇಳಿಸಿಕೊಳ್ಳದಿದ್ದಾಗ ಈ ಊರು ಎರಡು ಸಲ ಎದ್ದು ನಿಂತಿತು. ಮೊದಲ ಸಲ ಅರಸನ ಹಕ್ಕಿಗಾಗಿ, ಎರಡನೆಯ ಸಲ ರೈತನ ಹಕ್ಕಿಗಾಗಿ. ಅರಸನೊಡನೆ ಮೊದಲನೆಯದು ಮುಗಿಯಿತು. ಎರಡನೆಯದು ಇನ್ನೂ ಮುಗಿದಿಲ್ಲ. ಕೋಟೆಯ ಕಲ್ಲುಗಳು ಒಂದೊಂದಾಗಿ ಉರುಳುತ್ತಿರುವ ಇಂದು, ಅಳಿದುಳಿದುದನ್ನು ಮಕ್ಕಳಿಗೆ ತೋರಿಸುವುದು ಅವಶ್ಯ. ಶಿಕ್ಷಕ ಬಂಧುಗಳು ವರ್ಷಕ್ಕೊಂದು ದಿನವನ್ನು ಇದಕ್ಕಾಗಿ ಮೀಸಲಿಡಲಿ; ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಮಕ್ಕಳ ಕೈಹಿಡಿದು ಗುಡ್ಡ ಏರಲಿ. ಇದಕ್ಕೆ ವೆಚ್ಚವಿಲ್ಲ, ನಡೆಯುವ ಕಾಲು, ನೋಡುವ ಕಣ್ಣು ಇದ್ದರೆ ಸಾಕು.