ವೃತ್ತಪತ್ರಿಕೆಯ ಪರಿಭಾಷೆ ಮತ್ತು ರೋಚಕ ವರದಿಯ ಪರಿಣಾಮ

ಪತ್ರಿಕೋದ್ಯಮವನ್ನು ಕುರಿತು ಕನ್ನಡದಲ್ಲಿ ನಡೆಯುವ ಚರ್ಚೆಗಳಲ್ಲಿ ‘ಪೀತ ಪತ್ರಿಕೆ’ ಅಥವಾ ‘ಹಳದಿ ಪತ್ರಿಕೆ’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಯಾವುದೋ ಗಲ್ಲಿಯ ಮುದ್ರಣಾಲಯದಲ್ಲಿ ಅಚ್ಚಾಗಿ, ಊರಿನ ಗೃಹಸ್ಥರ ಮಾನಕ್ಕೆ ಬೆಲೆ ಕಟ್ಟಿ ಹಣ ಕೀಳುವ ಸಣ್ಣ ಹಾಳೆ ಎಂಬುದೇ ವ್ಯವಹಾರದಲ್ಲಿ ಆ ಮಾತಿಗೆ ಇರುವ ಅರ್ಥ. ಈ ಅರ್ಥದಿಂದ ಒಂದು ಅನುಕೂಲವುಂಟು: ದೋಷವೆಲ್ಲ ಆ ಹಾಳೆಯದಾಗುತ್ತದೆ, ನಾವು ಬೆಳಗ್ಗೆ ಕಾಫಿಯೊಡನೆ ಓದುವ ಪ್ರತಿಷ್ಠಿತ ಪತ್ರಿಕೆ ಅದರಿಂದ ಪಾರಾಗುತ್ತದೆ. ಈ ವಿಭಾಗ ಎಷ್ಟರಮಟ್ಟಿಗೆ ಸರಿ ಎಂಬುದೇ ಪ್ರಕೃತ ಲೇಖನದ ವಿಷಯ. ಅದಕ್ಕಾಗಿ ಮೊದಲು ಆ ಮಾತಿನ ಹುಟ್ಟನ್ನು ವಿಚಾರಿಸಿ, ಬಳಿಕ ರೋಚಕ ವರದಿಯ ಪರಿಣಾಮವನ್ನು ಎಲ್ಲಿ ನಿಜವಾಗಿ ಅಳೆಯಲು ಸಾಧ್ಯವಾಗಿದೆ ಎಂಬುದನ್ನು ನೋಡಿ, ಕಡೆಗೆ ನಮ್ಮ ಕನ್ನಡ ಪತ್ರಿಕೆಗಳ ಒಂದೆರಡು ನಿತ್ಯಪ್ರಯೋಗಗಳನ್ನು ಪರೀಕ್ಷಿಸಲು ಉದ್ದೇಶಿಸಿದ್ದೇವೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿ ಇರುವುದರಿಂದ, ಪತ್ರಿಕೆಗೆ ಅಂಟಿದ ಈ ಹಳದಿಯನ್ನೂ ಹಾಗೆಯೇ ಅರ್ಥಮಾಡಲು ಮನಸ್ಸು ಹೋಗುತ್ತದೆ. ಆದರೆ ಇದರ ಮೂಲ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಜೋಸೆಫ್ ಪುಲಿಟ್ಜರ್ ನಡೆಸುತ್ತಿದ್ದ ‘ವರ್ಲ್ಡ್’ ಪತ್ರಿಕೆಯಲ್ಲಿ ರಿಚರ್ಡ್ ಔಟ್‌ಕಾಲ್ಟ್ ಎಂಬ ಚಿತ್ರಕಾರನು ಬಡವರ ಕೇರಿಯ ಮಕ್ಕಳ ವಿನೋದಚಿತ್ರಗಳನ್ನು ಬರೆಯುತ್ತಿದ್ದನು. ಹಳದಿಯ ನಿಲುವಂಗಿ ತೊಟ್ಟ ಬೋಳುತಲೆಯ ಹುಡುಗನೊಬ್ಬ ಅವುಗಳಲ್ಲಿ ಜನಪ್ರಿಯನಾದನು. ವಿಲಿಯಂ ರಾಂಡಾಲ್ಫ್ ಹರ್ಸ್ಟ್ ‘ಜರ್ನಲ್’ ಪತ್ರಿಕೆಯನ್ನು ಕೊಂಡುಕೊಂಡು ಪೈಪೋಟಿಗಿಳಿದು, ೧೮೯೬ರಲ್ಲಿ ಆ ಚಿತ್ರಕಾರನನ್ನೇ ತನ್ನ ಕಡೆಗೆ ಸೆಳೆದನು. ಪುಲಿಟ್ಜರನು ಬೇರೊಬ್ಬನಿಂದ ಅದೇ ಹುಡುಗನ ಚಿತ್ರ ಬರೆಸತೊಡಗಿದನು. ಹೀಗೆ ಎರಡು ಪತ್ರಿಕೆಗಳಲ್ಲಿಯೂ ಹಳದಿ ಹುಡುಗ ಕಾಣಿಸಿಕೊಂಡನು. ೧೮೯೭ರ ಮೊದಲಲ್ಲಿ ‘ನ್ಯೂಯಾರ್ಕ್ ಪ್ರೆಸ್’ ಎಂಬ ಮತ್ತೊಂದು ಪತ್ರಿಕೆಯ ಸಂಪಾದಕ ಎರ್ವಿನ್ ವಾರ್ಡ್‌ಮನ್ ಇವೆರಡನ್ನೂ ಹೀಗಳೆಯಲು ಈ ಹೆಸರನ್ನು ಬಳಕೆಗೆ ತಂದನು. ಗಮನಿಸಬೇಕಾದ ಸಂಗತಿಯೆಂದರೆ ಈ ಹೆಸರು ಮೊದಲು ಅಂಟಿದ್ದು ಗಲ್ಲಿಯ ಹಾಳೆಗಳಿಗಲ್ಲ. ಆ ದೇಶದಲ್ಲಿ ಅತ್ಯಧಿಕ ಪ್ರಸಾರವಿದ್ದ, ಅತಿ ಹೆಚ್ಚು ಬಾತ್ಮೀದಾರರನ್ನು ಸಾಕಬಲ್ಲ ಪತ್ರಿಕೆಗಳಿಗೆ. ಇಂದು ಗೌರವದ ಬಹುಮಾನವೊಂದು ಪುಲಿಟ್ಜರನ ಹೆಸರಿನಲ್ಲಿಯೇ ನಡೆಯುತ್ತಿರುವುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಈ ಪತ್ರಿಕೆಗಳ ರೀತಿಗೆ ಪಠ್ಯಪುಸ್ತಕಗಳು ಕೊಡುವ ಪ್ರಸಿದ್ಧ ಉದಾಹರಣೆ ‘ಮೇನ್’ ಯುದ್ಧನೌಕೆಯದು. ೧೮೯೮ರ ಫೆಬ್ರವರಿ ೧೫ರ ರಾತ್ರಿ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕೆಯ ಈ ನೌಕೆ ಸ್ಫೋಟಗೊಂಡು ಇನ್ನೂರ ಅರವತ್ತಕ್ಕೂ ಹೆಚ್ಚು ಮಂದಿ ಮಡಿದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಎರಡು ದಿನ ಕಳೆಯುವುದರೊಳಗಾಗಿ ‘ಜರ್ನಲ್’ ಇದು ಶತ್ರುವಿನ ಕೃತ್ಯವೆಂದು ಪುಟದ ಅಗಲಕ್ಕೂ ತಲೆಬರಹ ಹಾಕಿ, ಅಪರಾಧಿಯನ್ನು ತೋರಿಸಿಕೊಟ್ಟವರಿಗೆ ೫೦,೦೦೦ ಡಾಲರ್ ಬಹುಮಾನವನ್ನು ಸಾರಿತು. ‘ವರ್ಲ್ಡ್’ ಪತ್ರಿಕೆಯ ತಲೆಬರಹವೂ ಬಾಂಬು, ಟಾರ್ಪೆಡೊಗಳ ಮಾತನ್ನೇ ಆಡಿತು. ಆದರೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಇಟ್ಟುಕೊಂಡಿತು. ಆ ಚಿಹ್ನೆ ನ್ಯಾಯಾಲಯದಲ್ಲಿ ಪತ್ರಿಕೆಯನ್ನು ಕಾಪಾಡಬಹುದು; ವಾಚಕನ ಮನಸ್ಸಿನಲ್ಲಿ ಅದು ನಿಲ್ಲುವುದಿಲ್ಲ. ೧೮೯೮ರಲ್ಲಿಯೂ ೧೯೧೧ರಲ್ಲಿಯೂ ನಡೆದ ಅಧಿಕೃತ ವಿಚಾರಣೆಗಳು ಸ್ಫೋಟ ಹೊರಗಿನಿಂದ ಆದದ್ದೆಂದು ಹೇಳಿದುವು. ೧೯೭೬ರಲ್ಲಿ ಪ್ರಕಟವಾದ ಅಡ್ಮಿರಲ್ ರಿಕೋವರ್ ಅವರ ಪರಿಶೀಲನೆ ಮಾತ್ರ, ನೌಕೆಯೊಳಗಿನ ಕಲ್ಲಿದ್ದಲ ಕೋಣೆಯ ಬೆಂಕಿಯೇ ಕಾರಣವಾಗಿರುವ ಸಂಭವ ಹೆಚ್ಚೆಂದು ತೋರಿಸಿತು.

೧೮೯೮ರ ಏಪ್ರಿಲ್ ತಿಂಗಳಿನಲ್ಲಿ ಯುದ್ಧ ಆರಂಭವಾಯಿತು. ಪತ್ರಿಕೆಗಳೇ ಯುದ್ಧವನ್ನು ತಂದುವು ಎಂಬುದು ಬಹುಕಾಲದ ಪ್ರತೀತಿ. ಚಿತ್ರಗಳನ್ನು ನೀನು ಕಳಿಸು, ಯುದ್ಧವನ್ನು ನಾನು ಒದಗಿಸುತ್ತೇನೆ ಎಂಬ ಅರ್ಥದ ತಂತಿಯನ್ನು ಹರ್ಸ್ಟ್ ತನ್ನ ಚಿತ್ರಕಾರನಿಗೆ ಕಳಿಸಿದನೆಂಬ ಕಥೆ ಇದಕ್ಕೆ ಸಾಕ್ಷಿಯೆಂದು ತರಗತಿಗಳಲ್ಲಿ ಹೇಳಲ್ಪಡುತ್ತದೆ. ಆ ತಂತಿಯನ್ನು ಕಂಡವರಿಲ್ಲ. ೧೯೦೧ರಲ್ಲಿ ಜೇಮ್ಸ್ ಕ್ರೀಲ್‌ಮನ್ ಎಂಬ ಪತ್ರಕರ್ತನ ನೆನಪುಗಳಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಹರ್ಸ್ಟ್ ಅದನ್ನು ಅಲ್ಲಗಳೆದನು. ಈಚಿನ ಇತಿಹಾಸಕಾರರಲ್ಲಿ ಜೋಸೆಫ್ ಕ್ಯಾಂಪ್‌ಬೆಲ್ ಅವರು ೨೦೦೧ರ ತಮ್ಮ ಗ್ರಂಥದಲ್ಲಿ ತಂತಿಯ ಕಥೆಯನ್ನೂ ಪತ್ರಿಕೆಗಳು ಯುದ್ಧ ಮಾಡಿಸಿದುವೆಂಬ ವಾದವನ್ನೂ ತಳ್ಳಿಹಾಕಿದ್ದಾರೆ. ರೋಚಕ ವರದಿಯ ವಿರುದ್ಧ ನಾವು ಹೂಡುವ ಮೊಕದ್ದಮೆಯ ಮೊದಲ ಸಾಕ್ಷಿಯೇ ಒಂದು ರೋಚಕ ಕಥೆಯಾಗಿರುವುದು ವಿನೋದದ ಸಂಗತಿ. ಹೇಗೂ ಇರಲಿ, ಇದರಿಂದ ನಾವು ತಿಳಿಯತಕ್ಕದ್ದು ಇಷ್ಟು: ರೋಚಕತೆ ಪತ್ರಿಕೆಯ ಅಂತಸ್ತಿನಲ್ಲಿ ಇಲ್ಲ, ತಲೆಬರಹದ ಅಳತೆ, ಕಾರಣವನ್ನು ಆತುರವಾಗಿ ಆರೋಪಿಸುವುದು, ಆಧಾರವನ್ನು ಮರೆಸುವುದು ಎಂಬ ಕಸುಬಿನ ಕ್ರಮಗಳಲ್ಲಿ ಇದೆ. ಅದರ ಪರಿಣಾಮವಾದರೋ, ಯುದ್ಧದಂತಹ ಮಹಾಘಟನೆಗಳಲ್ಲಿ ನೂರು ಕಾರಣಗಳೊಡನೆ ಬೆರೆತುಹೋಗಿ ಕೈಗೆ ಸಿಕ್ಕುವುದಿಲ್ಲ.

ನಮ್ಮ ದೇಶದ ಮೊದಲನೆಯ ಪತ್ರಿಕಾ ಆಯೋಗವು ೧೯೫೪ರಲ್ಲಿ ಒಪ್ಪಿಸಿದ ವರದಿಯಲ್ಲಿ ಪೀತ ಪತ್ರಿಕೋದ್ಯಮ ಹೆಚ್ಚುತ್ತಿದೆಯೆಂದೂ ಅದು ಯಾವೊಂದು ಪ್ರಾಂತಕ್ಕೂ ಭಾಷೆಗೂ ಸೀಮಿತವಲ್ಲವೆಂದೂ ಹೇಳಿ, ನೆಲೆಗೊಂಡ ಪತ್ರಿಕೆಗಳು ಮಾತ್ರ ಒಟ್ಟಿನಲ್ಲಿ ಉನ್ನತ ಮಟ್ಟವನ್ನು ಕಾಯ್ದುಕೊಂಡಿವೆಯೆಂದು ಮೆಚ್ಚಿಕೊಂಡಿತು. ಆ ಕಾಲಕ್ಕೆ ಅದು ನ್ಯಾಯವಾದ ಮಾತೇ ಆಗಿರಬಹುದು. ಆದರೆ ನಿಂದೆ, ಅಶ್ಲೀಲ, ವೈಯಕ್ತಿಕ ದಾಳಿ ಇವುಗಳನ್ನು ಅಳತೆಗೋಲಾಗಿ ಹಿಡಿದರೆ, ಸಭ್ಯವಾದ ಮಾತಿನಲ್ಲಿ, ಸದುದ್ದೇಶದಿಂದ ಅಚ್ಚಾಗುವ ಹಾನಿ ಆ ಅಳತೆಗೆ ಸಿಕ್ಕುವುದೇ ಇಲ್ಲ. ಅಂತಹ ಹಾನಿಯನ್ನು ಸಂಶೋಧಕರು ಅಳೆದು ತೋರಿಸಿರುವ ಕ್ಷೇತ್ರ ಒಂದುಂಟು. ಅದು ಆತ್ಮಹತ್ಯೆಯ ವರದಿ.

ಜರ್ಮನಿಯ ಕವಿ ಗಯಟೆ ೧೭೭೪ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕ ವೆರ್ಥರನು ಪ್ರೇಮದಲ್ಲಿ ನಿರಾಶನಾಗಿ ಪ್ರಾಣ ಬಿಡುತ್ತಾನೆ. ಅದನ್ನೋದಿ ಯುವಕರು ಅವನ ದಾರಿ ಹಿಡಿಯುವರೆಂಬ ಅಂಜಿಕೆಯಿಂದ ಕೆಲವೆಡೆ ಆ ಪುಸ್ತಕ ನಿಷೇಧಕ್ಕೆ ಒಳಗಾಯಿತು. ಎರಡು ಶತಮಾನಗಳ ತರುವಾಯ, ೧೯೭೪ರಲ್ಲಿ, ಡೇವಿಡ್ ಫಿಲಿಪ್ಸ್ ಎಂಬ ಅಮೆರಿಕೆಯ ಸಮಾಜಶಾಸ್ತ್ರಜ್ಞರು ಈ ಅಂಜಿಕೆಯನ್ನು ಅಂಕಿ ಅಂಶಗಳಿಂದ ಪರೀಕ್ಷಿಸಿದರು. ೧೯೪೭ರಿಂದ ೧೯೬೮ರವರೆಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಆತ್ಮಹತ್ಯೆಯ ಸುದ್ದಿಗಳನ್ನು ಆರಿಸಿ, ಅವುಗಳ ಹಿಂದುಮುಂದಿನ ತಿಂಗಳುಗಳ ಮರಣಸಂಖ್ಯೆಯನ್ನು ಹೋಲಿಸಿದರು. ಸುದ್ದಿ ಬಂದ ಮೇಲೆ ಸಂಖ್ಯೆ ಏರಿತ್ತು. ಪ್ರಚಾರ ಹೆಚ್ಚಾದಷ್ಟೂ ಏರಿಕೆಯೂ ಹೆಚ್ಚು. ಅದೂ ಮುಖ್ಯವಾಗಿ ಸುದ್ದಿ ಪ್ರಚಾರವಾದ ಪ್ರದೇಶದಲ್ಲಿಯೇ. ‘ವೆರ್ಥರ್ ಪರಿಣಾಮ’ವೆಂಬ ಹೆಸರನ್ನು ಕೊಟ್ಟವರು ಇವರೇ. ‘ನ್ಯೂಯಾರ್ಕ್ ಟೈಮ್ಸ್’ ಯಾರ ದೃಷ್ಟಿಯಲ್ಲಿಯೂ ಹಳದಿ ಪತ್ರಿಕೆಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೋಲಿಕೆಯಿಂದ ಕಾರಣವನ್ನು ಸಾಧಿಸಿದಂತಾಗುವುದಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ಯುಕ್ತವೇ. ಆದುದರಿಂದ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಅನುಭವ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ೧೯೭೮ರಲ್ಲಿ ಸುರಂಗ ರೈಲು ಆರಂಭವಾಯಿತು. ೧೯೮೪ರಿಂದೀಚೆಗೆ ರೈಲುಹಾದಿಯಲ್ಲಿ ಆತ್ಮಹತ್ಯೆಗಳು ಹೆಚ್ಚತೊಡಗಿದುವು. ನಗರದ ಪತ್ರಿಕೆಗಳು ಒಂದೊಂದನ್ನೂ ದೊಡ್ಡ ಅಕ್ಷರಗಳಲ್ಲಿ ವಿವರಿಸುತ್ತಿದ್ದುವು. ೧೯೮೭ರ ಮಧ್ಯದಲ್ಲಿ ಆತ್ಮಹತ್ಯೆಯನ್ನು ತಡೆಯಲು ಶ್ರಮಿಸುತ್ತಿದ್ದ ವೈದ್ಯರ ಸಂಘವು ಪತ್ರಿಕೆಗಳಿಗೆ ಸೂಚನೆಗಳನ್ನು ಕೊಟ್ಟಿತು: ಮುಖಪುಟ ಬೇಡ, ಚಿತ್ರ ಬೇಡ, ವಿಧಾನದ ವರ್ಣನೆ ಬೇಡ, ತಲೆಬರಹದಲ್ಲಿ ಆ ಶಬ್ದವೇ ಬೇಡ, ಒಂದೇ ಕಾರಣವನ್ನು ಎತ್ತಿ ಹೇಳುವುದು ಬೇಡ. ಪತ್ರಿಕೆಗಳು ಒಪ್ಪಿದುವು. ಕೆಲವು ಸುದ್ದಿಗಳು ಒಳಪುಟದ ನಾಲ್ಕು ಸಾಲಿಗಿಳಿದುವು, ಕೆಲವು ಬರಲೇ ಇಲ್ಲ. ಆ ವರ್ಷದ ಮೊದಲ ಅರ್ಧಕ್ಕೆ ಹೋಲಿಸಿದರೆ ಎರಡನೆಯ ಅರ್ಧದಲ್ಲಿ ರೈಲುಹಾದಿಯ ಪ್ರಕರಣಗಳು ಮುಕ್ಕಾಲು ಪಾಲಿನಷ್ಟು ಇಳಿದುಹೋದುವು. ಮುಂದಿನ ವರ್ಷಗಳಲ್ಲಿಯೂ ಆ ಇಳಿಕೆ ಬಹುಮಟ್ಟಿಗೆ ಉಳಿಯಿತು. ರೈಲು ಅದೇ, ನಗರ ಅದೇ. ನಮಗೆ ತಿಳಿದಂತೆ ಬದಲಾದ ಮುಖ್ಯ ಸಂಗತಿ ವರದಿಯ ರೂಪ. ಒಂದು ನಗರದ ಸಣ್ಣ ಸಂಖ್ಯೆಗಳೆಂಬ ಎಚ್ಚರವನ್ನು ಇಟ್ಟುಕೊಂಡೂ, ಉಪಸಂಪಾದಕನ ಲೇಖನಿ ಇಷ್ಟು ನೇರವಾಗಿ ಲೆಕ್ಕಕ್ಕೆ ಸಿಕ್ಕಿರುವ ಸಂದರ್ಭ ವಿರಳವೆಂದೇ ಹೇಳಬೇಕು.

ಈ ಬೆಳಕಿನಲ್ಲಿ ಕನ್ನಡ ಪತ್ರಿಕೆಯ ಭಾಷೆಯನ್ನು ನೋಡೋಣ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲುಗೊಂಡು ನಮ್ಮ ಪತ್ರಿಕೆಗಳು ಸಮಾಚಾರ, ವರ್ತಮಾನ, ವೃತ್ತಾಂತ, ಬಾತ್ಮಿ, ಸುದ್ದಿ ಎಂದು ಹಲವು ಹೆಸರುಗಳನ್ನು ಬಳಸಿವೆ. ಡಿ. ವಿ. ಗುಂಡಪ್ಪನವರು ತಮ್ಮ ಗ್ರಂಥಕ್ಕೆ ‘ವೃತ್ತಪತ್ರಿಕೆ’ ಎಂದು ಹೆಸರಿಟ್ಟರು. ವೃತ್ತವೆಂದರೆ ನಡೆದದ್ದು. ನಡೆದದ್ದಕ್ಕಿಂತ ಹೆಚ್ಚನ್ನು ಹೇಳಬಾರದೆಂಬ ನಿಯಮವನ್ನು ಆ ಹೆಸರಿನಲ್ಲಿಯೇ ಓದಿಕೊಳ್ಳಬಹುದು. ಆದರೆ ಕಸುಬಿನ ಒತ್ತಡದಲ್ಲಿ ಬೆಳೆದ ಕೆಲವು ಪ್ರಯೋಗಗಳು ನಡೆದದ್ದನ್ನು ದಾಟಿ ಹೋಗುತ್ತವೆ.

ಪರೀಕ್ಷೆಗಳ ಫಲಿತಾಂಶ ಬರುವ ದಿನಗಳಲ್ಲಿ ನಮ್ಮೆಲ್ಲರ ಕಣ್ಣಿಗೆ ಬೀಳುವ ತಲೆಬರಹವೊಂದುಂಟು: ‘ಅನುತ್ತೀರ್ಣ: ವಿದ್ಯಾರ್ಥಿ ನೇಣಿಗೆ ಶರಣು’. ಇದು ಹೇಗೆ ಹುಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ಕಾಲಮ್ಮಿನ ಅಗಲದಲ್ಲಿ ಕೆಲವೇ ಅಕ್ಷರಗಳು ಹಿಡಿಯುತ್ತವೆ, ‘ಆತ್ಮಹತ್ಯೆ ಮಾಡಿಕೊಂಡನು’ ಎಂಬುದು ಉದ್ದ, ‘ಶರಣು’ ಮೂರೇ ಅಕ್ಷರ, ಕ್ರಿಯಾಪದವೂ ಬೇಕಾಗುವುದಿಲ್ಲ. ಆದರೆ ಆ ಮೂರು ಅಕ್ಷರಗಳು ಕನ್ನಡದಲ್ಲಿ ಬರಿಯ ಅಕ್ಷರಗಳಲ್ಲ. ಶರಣು ಎಂಬುದು ವಂದನೆಯ ಮಾತು, ಆಶ್ರಯದ ಮಾತು, ಹನ್ನೆರಡನೆಯ ಶತಮಾನದಿಂದ ಭಕ್ತಿಯ ಮಾತು. ಸೋತವನು ಪೊಲೀಸರಿಗೆ ಶರಣಾಗುವುದುಂಟು. ನೊಂದವನು ದೇವರಿಗೆ ಶರಣಾಗುವುದುಂಟು. ಹದಿನೇಳು ವರ್ಷದ ಹುಡುಗನ ಸಾವಿಗೆ ಈ ಮಾತನ್ನು ಹಚ್ಚಿದಾಗ, ಸಾವು ಒಂದು ಆಶ್ರಯವೆಂಬ ಅರ್ಥ ಬರೆದವನ ಇಚ್ಛೆಯಿಲ್ಲದೆಯೇ ಹುಟ್ಟುತ್ತದೆ. ಅಲ್ಲದೆ ಈ ನಾಲ್ಕು ಪದಗಳಲ್ಲಿ ಅನುತ್ತೀರ್ಣತೆ ಕಾರಣವಾಯಿತು, ಸಾವು ಅದರ ಫಲವಾಯಿತು, ವಿಧಾನವೂ ತಿಳಿದುಹೋಯಿತು. ಅದೇ ಸಂಜೆ ಅದೇ ಫಲಿತಾಂಶವನ್ನು ಪಡೆದ ಸಾವಿರಾರು ಮಕ್ಕಳ ಮನೆಗೆ ಆ ಪತ್ರಿಕೆ ಮರುದಿನ ಹೋಗುತ್ತದೆ. ವಿಯೆನ್ನಾದ ವೈದ್ಯರು ಬೇಡವೆಂದುದರಲ್ಲಿ ಎರಡನ್ನಾದರೂ ಈ ಒಂದು ಸಾಲು ಹೊತ್ತಿದೆ. ಇದರಲ್ಲಿ ನಿಂದೆಯಿಲ್ಲ, ಅಶ್ಲೀಲವಿಲ್ಲ, ಸುಳ್ಳೂ ಇಲ್ಲ.

ಸುಳ್ಳಿಲ್ಲವೆಂದೆವು, ಅದನ್ನೂ ಸ್ವಲ್ಪ ಪರಿಶೀಲಿಸಬೇಕು. ಇಂತಹ ವರದಿಯ ಒಡಲಿನಲ್ಲಿ ‘ಎಂದು ಹೇಳಲಾಗಿದೆ’, ‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಎಂಬ ಕರ್ಮಣಿ ಪ್ರಯೋಗಗಳು ಧಾರಾಳವಾಗಿ ಬರುತ್ತವೆ. ಹೇಳಿದವರು ಯಾರು? ಕನ್ನಡದ ವಾಕ್ಯರಚನೆ ಕರ್ತೃವನ್ನು ಬಿಟ್ಟುಕೊಡಲು ಎಷ್ಟು ಉದಾರವಾಗಿದೆಯೆಂದರೆ ಓದುಗನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಸಾಮಾನ್ಯವಾಗಿ ಬಾತ್ಮೀದಾರನಿಗೆ ವಿಷಯ ದೊರೆಯುವುದು ಪೊಲೀಸ್ ಠಾಣೆಯಿಂದ. ಅಲ್ಲಿ ದಾಖಲಾಗುವುದು ಅಸಹಜ ಸಾವಿನ ಪ್ರಕರಣ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ ೧೭೪ನೆಯ ಪ್ರಕರಣದಂತೆ, ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಪ್ರಕರಣದಂತೆ. ಮೇಲ್ನೋಟಕ್ಕೆ ಕಾಣುವ ಮರಣಕಾರಣವನ್ನು, ಅಂದರೆ ದೇಹಕ್ಕೆ ಏನಾಯಿತೆಂಬುದನ್ನು, ನಿಶ್ಚಯಿಸುವುದೇ ಆ ವಿಚಾರಣೆಯ ಉದ್ದೇಶ. ಮನಸ್ಸಿಗೆ ಏನಾಗಿತ್ತೆಂಬುದನ್ನು ತಿಳಿಯುವ ಸಾಧನ ಅದರಲ್ಲಿಲ್ಲ. ದುಃಖದ ಮೊದಲ ಗಳಿಗೆಯಲ್ಲಿ ತಂದೆಯೋ ಅಣ್ಣನೋ ಹೇಳಿ ಬರೆಸಿದ ಒಂದು ವಾಕ್ಯ ಮರುದಿನ ತಲೆಬರಹದಲ್ಲಿ ನಿಶ್ಚಿತ ಕಾರಣವಾಗಿ ನಿಲ್ಲುತ್ತದೆ. ‘ಎನ್ನಲಾಗಿದೆ’ ಎಂಬ ಎಚ್ಚರಿಕೆ ಒಳಗೇ ಉಳಿಯುತ್ತದೆ. ‘ವರ್ಲ್ಡ್’ ಪತ್ರಿಕೆಯ ಪ್ರಶ್ನಾರ್ಥಕ ಚಿಹ್ನೆಗಿಂತ ಇದು ಹೆಚ್ಚಿನದೇನೂ ಅಲ್ಲ.

ಭಾರತದ ಪತ್ರಿಕಾ ಮಂಡಲಿ ೨೦೧೯ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನನುಸರಿಸಿ ಇದೇ ಬಗೆಯ ಮಾರ್ಗದರ್ಶಕ ನಿಯಮಗಳನ್ನು ಅಂಗೀಕರಿಸಿತು. ಆದರೆ ೧೯೭೮ರ ಕಾಯಿದೆಯಂತೆ ಮಂಡಲಿಗೆ ಇರುವುದು ಎಚ್ಚರಿಸುವ, ಖಂಡಿಸುವ ಅಧಿಕಾರ ಮಾತ್ರ, ದಂಡಿಸುವ ಅಧಿಕಾರವಿಲ್ಲ. ದೂರದರ್ಶನ ವಾಹಿನಿಗಳು ಅದರ ವ್ಯಾಪ್ತಿಗೆ ಸೇರಿಯೂ ಇಲ್ಲ. ಕಾಯಿದೆಯಿಂದ ದಂಡಿಸಬೇಕೆಂದು ನಾವು ಬಯಸುವುದೂ ಇಲ್ಲ; ವಿಯೆನ್ನಾದಲ್ಲಿ ಕೆಲಸ ಮಾಡಿದ್ದು ಒಪ್ಪಿಗೆಯೇ ಹೊರತು ದಂಡವಲ್ಲ.

ಹಾಗಾದರೆ ಮೌನವೇ ಉಪಾಯವೆ? ಅಲ್ಲ. ರೈತರ ಆತ್ಮಹತ್ಯೆಗಳನ್ನು ಪತ್ರಿಕೆಗಳು ಬರೆಯದೆ ಇದ್ದಿದ್ದರೆ ಸಾಲದ ಮಾತು, ಬೆಳೆಯ ಬೆಲೆಯ ಮಾತು ಇಷ್ಟು ಒತ್ತಾಯದಿಂದ ವಿಧಾನಸೌಧವನ್ನು ಮುಟ್ಟುತ್ತಿರಲಿಲ್ಲ. ಅಲ್ಲಿಯೂ ಒಂದು ಸಾವಿನ ವಿಧಾನವನ್ನು ವರ್ಣಿಸುವ ವರದಿಗೂ ಒಂದು ತಾಲ್ಲೂಕಿನ ಸಾಲದ ಲೆಕ್ಕವನ್ನು ಬಿಡಿಸುವ ವರದಿಗೂ ಅಂತರವುಂಟು. ಸಂಶೋಧನೆಯ ಇನ್ನೊಂದು ಮುಖ ೨೦೧೦ರಲ್ಲಿ ಬೆಳಕಿಗೆ ಬಂದಿತು. ಸಂಕಟಕ್ಕೆ ಸಿಕ್ಕಿ ಸಾಯುವ ಯೋಚನೆ ಬಂದರೂ ಅದನ್ನು ದಾಟಿ ಬದುಕಿದವರ ವರದಿಗಳು ಪ್ರಕಟವಾದಾಗ ಮರಣಸಂಖ್ಯೆ ಇಳಿಯುವ ಒಲವು ಕಾಣುತ್ತದೆಂದು ಆಸ್ಟ್ರಿಯಾದ ಸಂಶೋಧಕರು ತೋರಿಸಿದರು. ಮೋಟ್ಸಾರ್ಟನ ಸಂಗೀತನಾಟಕವೊಂದರಲ್ಲಿ ಮೂವರು ಬಾಲಕರ ಮಾತಿನಿಂದ ಸಾವಿನ ಅಂಚಿನಿಂದ ಹಿಂದಿರುಗುವ ಪಾಪಗೇನೊ ಎಂಬ ಪಾತ್ರದ ಹೆಸರನ್ನು ಅವರು ಇದಕ್ಕೆ ಇಟ್ಟರು. ಫಲಿತಾಂಶದ ಸುದ್ದಿಯ ಪಕ್ಕದಲ್ಲಿ ಮುಂದಿನ ಪರೀಕ್ಷೆಯ ದಿನಾಂಕವನ್ನೂ, ಹಗಲಿರುಳು ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿಯ ೧೪೪೧೬ ಸಂಖ್ಯೆಯನ್ನೂ ಅಚ್ಚುಮಾಡಲು ಹಿಡಿಯುವ ಜಾಗ ಎರಡು ಸಾಲು.

ಕನ್ನಡ ಪತ್ರಿಕೆಗಳನ್ನು ಕುರಿತು ಈ ದಿಕ್ಕಿನಲ್ಲಿ ನಡೆಯಬೇಕಾದ ಕೆಲಸ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಶಕ್ತಿಗೆ ಮೀರಿದ್ದಲ್ಲ. ಗ್ರಂಥಾಲಯದ ಕಡತಗಳಿಂದ ಯಾವುದಾದರೂ ಎರಡು ದಿನಪತ್ರಿಕೆಗಳನ್ನು ಆರಿಸಿಕೊಂಡು, ೨೦೧೯ರ ಸೆಪ್ಟೆಂಬರಿಗೆ ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷ ಫಲಿತಾಂಶದ ವಾರಗಳ ಸಂಚಿಕೆಗಳನ್ನು ಓದಬಹುದು. ನಡುವೆ ಬಂದ ಸಾಂಕ್ರಾಮಿಕದ ಕಾರಣ ೨೦೨೦ ಮತ್ತು ೨೦೨೧ರಲ್ಲಿ ಪರೀಕ್ಷೆಗಳ ಕ್ರಮವೇ ಏರುಪೇರಾದುದರಿಂದ ಆ ಎರಡು ವರ್ಷಗಳನ್ನು ಬೇರೆಯಾಗಿಯೇ ಎಣಿಸಬೇಕಾದೀತು. ಪ್ರತಿ ವರದಿಗೂ ಪುಟದ ಸಂಖ್ಯೆ, ಕಾಲಮ್ಮಿನ ಅಗಲ, ಚಿತ್ರ ಇದೆಯೋ ಇಲ್ಲವೋ, ತಲೆಬರಹದಲ್ಲಿ ‘ಶರಣು’ ಎಂಬ ಮಾತು ಇದೆಯೋ ಇಲ್ಲವೋ, ಕಾರಣವನ್ನು ಹೇಳಿದವರ ಹೆಸರೋ ಪದವಿಯೋ ಒಡಲಿನಲ್ಲಿ ಎಲ್ಲಿಯಾದರೂ ಸಿಕ್ಕುತ್ತದೆಯೋ ಎಂಬ ಐದು ಅಂಶಗಳನ್ನು ಗುರುತು ಹಾಕಿಕೊಂಡರೆ ಸಾಕು. ಮೃತರ ಹೆಸರನ್ನು ಬರೆದುಕೊಳ್ಳುವ ಅಗತ್ಯವಿಲ್ಲ.